ಸೊನ್ನೆಯ ಮನೆ ಯಾರದು?

ಇಟ್ಟಂಗಿಹಾಳ, ತಿಕೋಟಾ, ಬಬಲೇಶ್ವರದ ಕಡೆ ಒಣದ್ರಾಕ್ಷಿ ಶೆಡ್ಡುಗಳಿಂದ ಮಾಲು ಹೊರಬಿದ್ದು, ಪೇಟೆಯಿಂದ ಪಟ್ಟಿ ಕೈಗೆ ಬರುವ ಹೊತ್ತಿಗೆ ಬಿಸಿಲು ನೆತ್ತಿ ಸುಡುತ್ತಿರುತ್ತದೆ. ವರ್ಷವಿಡೀ ಔಷಧ, ಗೊಬ್ಬರ, ಆಳಿನ ಕೂಲಿ, ಟ್ಯಾಂಕರ್ ನೀರು ಎಂದು ಹೋಗುತ್ತಲೇ ಇದ್ದ ಹಣ ಒಮ್ಮೆಗೇ ಮರಳುವ ಕಾಲ ಅದು. ಸೊಸೈಟಿ ಸಾಲ, ಬಂಗಾರದ ಮೇಲಿನ ಸಾಲ, ಜೂನ್ ತಿಂಗಳಲ್ಲಿ ಕಟ್ಟಬೇಕಾದ ಮಕ್ಕಳ ಫೀ ಎಲ್ಲವೂ ಆ ಒಂದೇ ಗಂಟಿನತ್ತ ನೋಡುತ್ತಿರುತ್ತವೆ. ಇವುಗಳ ನಡುವೆಯೇ ಗಂಡ ಹೆಂಡತಿಯ ಮನಸ್ಸಿನಲ್ಲಿ ಒಂದು ಸಣ್ಣ ಆಸೆ ಏಳುತ್ತದೆ: ಎರಡು ದಿನ ಗೋವಾಕ್ಕೆ ಹೋಗಿ ಬರೋಣವೆ?

ಹೋಗಿ ಬರಲಿ. ದುಡಿದವರಿಗೆ ವಿಶ್ರಾಂತಿ ಬೇಕು. ನಮ್ಮ ಕಡೆಯ ಹೆಣ್ಣುಮಕ್ಕಳಂತೂ ತವರುಮನೆ ಬಿಟ್ಟರೆ ಜಾತ್ರೆ, ಜಾತ್ರೆ ಬಿಟ್ಟರೆ ತವರುಮನೆ ಎಂದೇ ಅರ್ಧ ಆಯುಷ್ಯ ಕಳೆದಿರುತ್ತಾರೆ. ಸಮುದ್ರ ನೋಡುವುದು ಅವರ ಹಕ್ಕೇ ಸರಿ.

ಈಚೆಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇಂಥದೇ ಪ್ರವಾಸದ ಲೆಕ್ಕ ಬರೆದುಕೊಂಡು ಬಂದಿದ್ದ. ಎಡಗಡೆ ಖರ್ಚು: ಪ್ರಯಾಣ, ಹೋಟೆಲು, ಊಟ, ಖರೀದಿ, ಕ್ಯಾಸಿನೊ. ಬಲಗಡೆ ಜಮಾ: ಕೈಯಲ್ಲಿರುವ ಹಣ. ಅದರ ಕೆಳಗೆ ಇನ್ನೊಂದು ಸಾಲು, 'ಕ್ಯಾಸಿನೊದಿಂದ ಬರಬಹುದಾದದ್ದು.' ಆ ಸಾಲಿನ ಹಣದಿಂದಲೇ ಹೆಂಡತಿಗೆ ಬಳೆ, ಮಕ್ಕಳಿಗೆ ಬಟ್ಟೆ ಕೊಳ್ಳುವುದು ಅವನ ಯೋಜನೆ. ಈ ವಾರ ನಾನು ಮಾತಾಡಬೇಕೆಂದಿರುವುದು ಆ ಒಂದು ಸಾಲಿನ ಬಗ್ಗೆ. ಜೂಜು ಪಾಪವೋ ಪುಣ್ಯವೋ ಎಂಬುದನ್ನು ಹಿರಿಯರು ಹೇಳಲಿ. ವಿಜ್ಞಾನದ ಮಾಸ್ತರನಿಗೆ ಗೊತ್ತಿರುವುದು ಲೆಕ್ಕ. ಆ ಸಾಲು ಜಮಾದ ಕಡೆ ಇರಲು ಲೆಕ್ಕ ಒಪ್ಪುವುದಿಲ್ಲ.

ಮನೆಯವರಿಗೆ ಬಾಗಿಲಿಲ್ಲ

ಮೊದಲು ಹಿನ್ನೆಲೆ. ಗೋವಾದ ಜೂಜು ನಿಯಂತ್ರಣ ಕಾಯ್ದೆ 1976ರದು. 1992ರಲ್ಲಿ ಅದಕ್ಕೆ ತಿದ್ದುಪಡಿ ತಂದು ಪಂಚತಾರಾ ಹೋಟೆಲುಗಳಲ್ಲಿ ನಾಣ್ಯದ ಯಂತ್ರಗಳಿಗೆ ಅವಕಾಶ ಕೊಟ್ಟರು. 1996ರಲ್ಲಿ ಇನ್ನೊಂದು ತಿದ್ದುಪಡಿ ಬಂತು. ನೀರಿನ ಮೇಲಿನ ಹಡಗುಗಳಲ್ಲಿ ಮೇಜಿನ ಆಟಗಳಿಗೂ ಅನುಮತಿ ದೊರೆಯಿತು. ಪಣಜಿಯ ಮಾಂಡೋವಿ ನದಿಯಲ್ಲಿ ರಾತ್ರಿ ಝಗಮಗಿಸುತ್ತ ನಿಂತಿರುವ ಹಡಗುಗಳು ಅವೇ. ಪ್ರವೇಶಕ್ಕೆ ತಲೆಗಿಷ್ಟು ಎಂದು ಕಟ್ಟಬೇಕು. ಅದರಲ್ಲಿ ಸಾಮಾನ್ಯವಾಗಿ ಊಟ, ಪಾನೀಯ, ಸಂಗೀತ, ಆಡಲು ಒಂದಿಷ್ಟು ಚಿಪ್ಪು ಸೇರಿರುತ್ತವೆ. 21 ವರ್ಷ ತುಂಬದವರು ಆಟಕ್ಕೆ ಕೂರುವಂತಿಲ್ಲ.

ಇಲ್ಲಿ ಒಂದು ಸ್ವಾರಸ್ಯವಿದೆ. 2020ರ ಫೆಬ್ರವರಿ 1ರಿಂದ ಗೋವಾ ಸರಕಾರ ತನ್ನ ರಾಜ್ಯದ ಜನ ಕ್ಯಾಸಿನೊಗಳಲ್ಲಿ ಜೂಜಾಡುವುದನ್ನು ನಿಷೇಧಿಸಿತು. ಯುರೋಪಿನ ಮೊನಾಕೊ ದೇಶದ ಮಾಂಟೆ ಕಾರ್ಲೊ ಕ್ಯಾಸಿನೊ ಜಗತ್ಪ್ರಸಿದ್ಧ. ಅಲ್ಲಿ ಮೊನಾಕೊದ ಪ್ರಜೆಗಳು ಆಡುವಂತಿಲ್ಲ. ಸಿಂಗಪುರದಲ್ಲಿ 2010ರಲ್ಲಿ ಕ್ಯಾಸಿನೊಗಳು ತೆರೆದವು. ಅಲ್ಲಿಯ ಪ್ರಜೆ ಒಳಗೆ ಹೋಗಬೇಕಾದರೆ ದಿನಕ್ಕೆ 100 ಡಾಲರ್ ಸರಕಾರಕ್ಕೆ ಕಟ್ಟಬೇಕಾಗಿತ್ತು. 2019ರಲ್ಲಿ ಅದನ್ನು 150ಕ್ಕೆ ಏರಿಸಿದರು. ಹೊರಗಿನ ಪ್ರವಾಸಿಗೆ ಈ ಸುಂಕವಿಲ್ಲ. ತನ್ನ ಮಕ್ಕಳನ್ನು ಬೇರೆ ಕಡೆ ಊಟಕ್ಕೆ ಕಳಿಸುವ ಖಾನಾವಳಿಯ ಮಾಲಕನನ್ನು ನೋಡಿದರೆ ನಮಗೆ ಏನನಿಸುತ್ತದೆ? ಅಲ್ಲಿಯ ಅಡುಗೆಯ ಬಗ್ಗೆ ಒಂದು ಪ್ರಶ್ನೆಯನ್ನಾದರೂ ಕೇಳಬೇಕು ಎನಿಸುತ್ತದೆ, ಅಲ್ಲವೆ?

ಚಕ್ರದ ಲೆಕ್ಕ

ರೂಲೆಟ್ ಎಂಬ ಆಟವನ್ನೇ ತೆಗೆದುಕೊಳ್ಳಿ. ಒಂದು ಚಕ್ರ. ಅದರ ಅಂಚಿನಲ್ಲಿ 1ರಿಂದ 36ರವರೆಗೆ ಅಂಕಿ ಬರೆದ ಸಣ್ಣ ಮನೆಗಳು. 18 ಕೆಂಪು, 18 ಕಪ್ಪು. ಜೊತೆಗೆ ಹಸಿರು ಬಣ್ಣದ ಇನ್ನೊಂದು ಮನೆ, ಸೊನ್ನೆಯದು. ಹೀಗೆ ಒಟ್ಟು 37. ಕೆಲವು ಚಕ್ರಗಳಲ್ಲಿ ಎರಡು ಸೊನ್ನೆ ಬರೆದ ಮತ್ತೊಂದು ಮನೆಯೂ ಇರುತ್ತದೆ. ಆಗ 38. ಚಕ್ರ ತಿರುಗಿಸಿ ಗೋಲಿಯನ್ನು ಬಿಡುತ್ತಾರೆ. ನೀವು ಹಣ ಇಟ್ಟ ಅಂಕಿಯ ಮನೆಯಲ್ಲೇ ಗೋಲಿ ನಿಂತರೆ ಒಂದಕ್ಕೆ 35ರಂತೆ ಗೆಲುವು ಕೊಟ್ಟು, ನೀವಿಟ್ಟ ಹಣವನ್ನೂ ಮರಳಿಸುತ್ತಾರೆ.

ಒಂದಕ್ಕೆ ಮೂವತ್ತೈದು! ಕಿವಿಗೆ ಇಂಪಾಗಿದೆ. ಈಗ ಪ್ರತಿಯೊಂದು ಮನೆಯ ಮೇಲೂ ನೂರು ರೂಪಾಯಿ ಇಡೋಣ. ಇನ್ನು ಸೋಲುವ ಮಾತೇ ಇಲ್ಲ, ಯಾವ ಮನೆಯಲ್ಲಿ ನಿಂತರೂ ಗೆಲುವು ನಮ್ಮದೇ. 37 ಮನೆಗೆ ಇಟ್ಟದ್ದು 3,700 ರೂಪಾಯಿ. ಬಂದದ್ದು 3,500 ಮತ್ತು ನಮ್ಮದೇ 100, ಒಟ್ಟು 3,600. ಎಲ್ಲ ಮನೆಗಳನ್ನೂ ಗೆದ್ದು ನೂರು ರೂಪಾಯಿ ಸೋತೆವು. ನೂರಕ್ಕೆ 2 ರೂಪಾಯಿ 70 ಪೈಸೆ. ಎರಡು ಸೊನ್ನೆಯ ಚಕ್ರವಾದರೆ 3,800 ಇಟ್ಟು 3,600 ಪಡೆಯುತ್ತೇವೆ. ನೂರಕ್ಕೆ 5 ರೂಪಾಯಿ 26 ಪೈಸೆ. ಕೆಂಪು ಕಪ್ಪುಗಳ ಮೇಲೆ ಕಟ್ಟಿದರೂ ಪ್ರಮಾಣ ಇದೇ, ಏಕೆಂದರೆ ಸೊನ್ನೆ ಬಂದಾಗ ಕೆಂಪಿನವನೂ ಸೋಲುತ್ತಾನೆ, ಕಪ್ಪಿನವನೂ ಸೋಲುತ್ತಾನೆ. ಸೊನ್ನೆ ಎಂದರೆ ಏನೂ ಇಲ್ಲದ್ದು ಎಂದು ನಾವು ಶಾಲೆಯಲ್ಲಿ ಕಲಿಸುತ್ತೇವೆ. ಈ ಚಕ್ರದ ಮೇಲೆ ಮಾತ್ರ ಇಡೀ ಹಡಗು ಅದರ ಆಧಾರದಿಂದ ತೇಲುತ್ತದೆ.

ಇದು ನಮಗೆ ತೀರ ಹೊಸ ವಿದ್ಯೆಯೇನೂ ಅಲ್ಲ. 'ಒಂದು ರೂಪಾಯಿಗೆ ಎಂಬತ್ತು ರೂಪಾಯಿ' ಎಂದು ಮಟಕಾ ಚೀಟಿ ಬರೆಯುವವರ ಕೂಗು ನಮ್ಮ ಸಂತೆ, ಬಸ್‌ಸ್ಟ್ಯಾಂಡುಗಳು ಕೇಳಿದ್ದೇ. 00ಯಿಂದ 99ರವರೆಗೆ ಅಂಕಿಗಳು ನೂರು. ಕೊಡುವುದು ಎಂಬತ್ತು. ಉಳಿದ ಇಪ್ಪತ್ತು ಎಲ್ಲಿಗೆ ಹೋಯಿತು? ಮಟಕಾದವನ ಇಪ್ಪತ್ತೂ ಕ್ಯಾಸಿನೊದ ಸೊನ್ನೆಯೂ ಒಂದೇ ಜಾತಿಯವು. ಒಂದು ಬಹಿರಂಗವಾಗಿ, ಲೈಸೆನ್ಸ್ ಪಡೆದು ನಡೆಯುತ್ತದೆ. ಇನ್ನೊಂದು ಅಪರಾಧ. ವ್ಯತ್ಯಾಸ ಅಷ್ಟೆ.

ಜೇಬಿನ ಹಣ, ಮೇಜಿನ ಹಣ

'ನೂರಕ್ಕೆ ಐದು ರೂಪಾಯಿ ತಾನೆ? ಹತ್ತು ಸಾವಿರ ಒಯ್ದರೆ ಐದುನೂರು ಹೋದೀತು' ಎಂದು ನೀವು ಹೇಳಬಹುದು. ಬಹಳ ಜನ ಎಡವುವುದು ಇಲ್ಲೇ. ಈ ಕಡಿತ ಬೀಳುವುದು ಜೇಬಿನಲ್ಲಿರುವ ಹಣದ ಮೇಲಲ್ಲ, ಮೇಜಿನ ಮೇಲೆ ಇಟ್ಟ ಒಟ್ಟು ಹಣದ ಮೇಲೆ. ಗಂಟೆಗೆ 40 ಸುತ್ತು, ಸುತ್ತಿಗೆ 500 ರೂಪಾಯಿ, ನಾಲ್ಕು ಗಂಟೆಯ ಆಟ ಎಂದು ಇಟ್ಟುಕೊಳ್ಳೋಣ. 160 ಸುತ್ತು. ಗೆದ್ದದ್ದನ್ನೇ ಮತ್ತೆ ಮತ್ತೆ ಇಡುತ್ತ ಹೋಗಿ ಮೇಜಿನ ಮೇಲೆ ಒಟ್ಟು ಇಟ್ಟದ್ದು 80,000 ರೂಪಾಯಿ. ಒಂದು ಸೊನ್ನೆಯ ಚಕ್ರದಲ್ಲಿ ಸರಾಸರಿ ನಷ್ಟ 2,162 ರೂಪಾಯಿ, ಎರಡು ಸೊನ್ನೆಯದರಲ್ಲಿ 4,210. ಹೊತ್ತು ಹೆಚ್ಚಾದಷ್ಟೂ ನಷ್ಟ ಹೆಚ್ಚು. ರುಚಿಯಾದ ಊಟ, ಮೆತ್ತನೆಯ ಕುರ್ಚಿ, ಹಾಡು, ಕುಣಿತ ಎಲ್ಲವೂ ಯಾಕೆ ಎಂದು ಈಗ ತಿಳಿಯಿತಲ್ಲ? ನೀವು ಇನ್ನೊಂದು ಗಂಟೆ ಕೂರಲಿ ಎಂದು.

ಹಾಗಾದರೆ ಗೆದ್ದು ಬಂದವರು ಸುಳ್ಳು ಹೇಳುತ್ತಾರೆಯೆ? ಇಲ್ಲ. ಸರಾಸರಿ ಎಂಬುದು ಎಲ್ಲರಿಗೂ ಒಂದೇ ರೀತಿ ತಗಲುವುದಿಲ್ಲ. ಮೇಲಿನ ಲೆಕ್ಕದಂತೆ ಕೆಂಪು ಕಪ್ಪು ಆಡಿದವರಲ್ಲಿ, ಒಂದು ಸೊನ್ನೆಯ ಚಕ್ರವಾದರೆ ಸುಮಾರು ಮೂವರಲ್ಲಿ ಒಬ್ಬ, ಎರಡು ಸೊನ್ನೆಯದಾದರೆ ಸುಮಾರು ನಾಲ್ವರಲ್ಲಿ ಒಬ್ಬ, ಆ ರಾತ್ರಿ ಗೆದ್ದೇ ಏಳುತ್ತಾನೆ. ಅವನು ಊರಿಗೆ ಬಂದು ಚಹದ ಅಂಗಡಿಯಲ್ಲಿ ಹತ್ತು ಜನಕ್ಕೆ ಹೇಳುತ್ತಾನೆ. ಉಳಿದವರು ಹೇಳುವುದಿಲ್ಲ. ಕೆಲವರು ಹೆಂಡತಿಗೂ ಹೇಳುವುದಿಲ್ಲ. ಊರ ಕಿವಿಗೆ ಬೀಳುವುದು ಗೆಲುವಿನ ಕಥೆಗಳು ಮಾತ್ರ. ಇದನ್ನೇ ನಂಬಿ ಲೆಕ್ಕ ಹಾಕುವುದು, ಪಾಸಾದ ಹುಡುಗರನ್ನು ಮಾತ್ರ ಕರೆದು ಶಾಲೆಯ ಫಲಿತಾಂಶ ಬರೆದ ಹಾಗೆ.

ಹಡಗಿನ ಮಾಲಕನಿಗೆ ಈ ಏರಿಳಿತದ ಚಿಂತೆಯಿಲ್ಲ. ಅವನು ಆಡುವುದು 160 ಸುತ್ತಲ್ಲ, ಲಕ್ಷಾಂತರ ಸುತ್ತು. ಎಣಿಕೆ ಹೆಚ್ಚಾದಂತೆ ಫಲಿತಾಂಶ ತನ್ನ ನಿಜವಾದ ಪ್ರಮಾಣಕ್ಕೆ ಹತ್ತಿರವಾಗುತ್ತದೆ ಎಂಬುದನ್ನು ಸ್ವಿಟ್ಜರ್ಲೆಂಡಿನ ಯಾಕೊಬ್ ಬರ್ನೂಲಿ ಗಣಿತದಿಂದ ಸಾಧಿಸಿದ. ಅವನ ಗ್ರಂಥ ಅವನು ತೀರಿಕೊಂಡ ಮೇಲೆ 1713ರಲ್ಲಿ ಪ್ರಕಟವಾಯಿತು. ಅದಕ್ಕೂ ಮುಂಚೆ 1654ರಲ್ಲಿ ಫ್ರಾನ್ಸಿನ ಪಾಸ್ಕಲ್ ಮತ್ತು ಫರ್ಮಾ ಜೂಜಿನ ಒಂದು ಸಮಸ್ಯೆಯ ಬಗ್ಗೆ ಪತ್ರ ಬರೆದುಕೊಂಡರು. ಹತ್ತನೆಯ ತರಗತಿಯಲ್ಲಿ ನೀವು ಓದುವ 'ಸಂಭವನೀಯತೆ' ಎಂಬ ಅಧ್ಯಾಯದ ಬೇರು ಆ ಪತ್ರಗಳಲ್ಲಿದೆ. ಜೂಜಿನಿಂದ ಹುಟ್ಟಿದ ಗಣಿತವೇ ಜೂಜುಗಾರನಿಗೆ ಹೇಳುವ ಬುದ್ಧಿಮಾತು ಇದು: ಸ್ವಲ್ಪ ಆಡಿದರೆ ಅದೃಷ್ಟ, ಬಹಳ ಆಡಿದರೆ ಲೆಕ್ಕ.

'ಇನ್ನೇನು ಬರಲೇಬೇಕು'

1913ರ ಆಗಸ್ಟ್ 18ರ ರಾತ್ರಿ ಮಾಂಟೆ ಕಾರ್ಲೊದಲ್ಲಿ ಗೋಲಿ ಸತತ 26 ಸಲ ಕಪ್ಪು ಮನೆಯಲ್ಲೇ ನಿಂತಿತು. 'ಇಷ್ಟು ಸಲ ಕಪ್ಪು ಬಂದಿದೆ, ಇನ್ನು ಕೆಂಪು ಬರಲೇಬೇಕು' ಎಂದು ಜನ ಕೆಂಪಿನ ಮೇಲೆ ಸುರಿದು ಅಪಾರ ಹಣ ಕಳೆದುಕೊಂಡರು. ಚಕ್ರಕ್ಕೆ ನೆನಪಿಲ್ಲ. ಹಿಂದಿನ ಸುತ್ತಿನಲ್ಲಿ ಏನು ಬಂತೆಂಬುದು ಗೋಲಿಗೆ ಗೊತ್ತಿಲ್ಲ. ಪ್ರತಿ ಸುತ್ತೂ ಅದಕ್ಕೆ ಮೊದಲ ಸುತ್ತೇ.

ಕೆಲವರು ದ್ವಿಗುಣದ ಉಪಾಯ ಹೇಳುತ್ತಾರೆ. ನೂರು ಸೋತರೆ ಇನ್ನೂರು ಇಡು, ಅದೂ ಹೋದರೆ ನಾನೂರು. ಎಂದಾದರೊಮ್ಮೆ ಗೆದ್ದೇ ಗೆಲ್ಲುತ್ತೀ, ಹಿಂದಿನದೆಲ್ಲ ಬಂದು ಮೇಲೆ ನೂರು ಲಾಭ! ಸರಿ, ಸತತ ಏಳು ಸಲ ಸೋತರೆ? ಹೋದದ್ದು 12,700 ರೂಪಾಯಿ. ಎಂಟನೆಯ ಸಲಕ್ಕೆ 12,800 ಬೇಕು. ಅಷ್ಟರಲ್ಲಿ ಜೇಬು ಬರಿದಾಗಿರುತ್ತದೆ, ಇಲ್ಲವೆ ಮೇಜಿನ ಮಿತಿ ಮುಗಿದಿರುತ್ತದೆ. ಹೀಗಾಗುವುದು ಸುಮಾರು ನೂರಕ್ಕೆ ಒಂದು ಸಲ. ಉಳಿದ 99 ಸಲ ನೂರು ನೂರರಂತೆ ಗೆದ್ದದ್ದು 9,900. ಕೂಡಿಸಿ ಕಳೆದು ನೋಡಿ. ಲಾಭ ಚಮಚದಲ್ಲಿ ಬರುತ್ತದೆ, ನಷ್ಟ ಕೊಡದಲ್ಲಿ ಹೋಗುತ್ತದೆ.

ಇಷ್ಟಾದರೂ ಮನುಷ್ಯ ಏಕೆ ಏಳುವುದಿಲ್ಲ? ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ಪ್ರಯೋಗ ಮಾಡಿದ. ಗುಂಡಿಯನ್ನು ಕುಕ್ಕಿದಾಗಲೆಲ್ಲ ಕಾಳು ಸಿಗುತ್ತಿದ್ದ ಪಾರಿವಾಳ, ಕಾಳು ನಿಂತ ಮೇಲೆ ಬೇಗ ಸುಮ್ಮನಾಗುತ್ತದೆ. ಯಾವಾಗಲೋ ಒಮ್ಮೆ, ಹೊತ್ತುಗೊತ್ತಿಲ್ಲದೆ ಕಾಳು ಸಿಕ್ಕ ಪಾರಿವಾಳ ಕಾಳು ನಿಂತ ಮೇಲೂ ಬಹಳ ಹೊತ್ತು ಕುಕ್ಕುತ್ತಲೇ ಇರುತ್ತದೆ. ಕ್ಯಾಸಿನೊದ ನಾಣ್ಯದ ಯಂತ್ರವನ್ನು ಸ್ಕಿನ್ನರನೇ ಇದಕ್ಕೆ ಹೋಲಿಸಿದ್ದಾನೆ.

ಗೆದ್ದರೂ ಪೂರ್ತಿ ನಿಮ್ಮದಲ್ಲ. ಜೂಜಿನ ಗೆಲುವಿಗೆ ಶೇಕಡಾ 30 ಆದಾಯ ತೆರಿಗೆಯಿದೆ, ಸೋತದ್ದನ್ನು ಅದರಲ್ಲಿ ವಜಾ ಮಾಡಲು ಬರುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಕ್ಯಾಸಿನೊವನ್ನು ಶೇಕಡಾ 40ರ ಜಿಎಸ್‌ಟಿ ಪಟ್ಟಿಗೆ ಸೇರಿಸಿದ್ದಾರೆ.

ಒಕ್ಕಲುತನವೂ ಜೂಜೆ?

ಇಷ್ಟು ಕೇಳಿ ನನ್ನ ವಿದ್ಯಾರ್ಥಿ ಒಂದು ಪ್ರಶ್ನೆ ಎಸೆದ: "ಸರ್, ನಮ್ಮ ಒಕ್ಕಲುತನಾನೂ ಜೂಜೇ ಅಲ್ರೀ? ಒಂದು ಆಲಿಕಲ್ಲಿನ ಮಳಿ ಬಿದ್ರ ಪಡಾನೇ ಹೋಗ್ತದ. ಅಲ್ಲಿ ಸೋತ್ರ ಏನ್ ಹೊಸಾದ್ರೀ?"

ಒಳ್ಳೆಯ ಪ್ರಶ್ನೆ. ಅನಿಶ್ಚಿತತೆ ಎರಡರಲ್ಲೂ ಇದೆ, ನಿಜ. ಆದರೆ ದ್ರಾಕ್ಷಿಯ ಪಡದಲ್ಲಿ ನೀನು ಕಲಿತದ್ದು ಫಲ ಕೊಡುತ್ತದೆ. ಚಾಟಣಿಯ ಹೊತ್ತು ಅರಿತರೆ, ರೋಗ ಬರುವ ಮುಂಚೆ ಔಷಧ ಹೊಡೆದರೆ, ಹಸಿ ಹಣ್ಣಿಗೆ ದರವಿಲ್ಲದಾಗ ಒಣಗಿಸಿಟ್ಟರೆ ಸೋಲಿನ ಪ್ರಮಾಣ ಇಳಿಯುತ್ತದೆ. ಬೆಳೆ ವಿಮೆಯೂ ಬರ್ನೂಲಿಯ ಗಣಿತದ ಮೇಲೆಯೇ ನಿಂತಿದೆ. ಅಲ್ಲಿ ಆ ಗಣಿತ ಒಬ್ಬನ ನಷ್ಟವನ್ನು ಸಾವಿರ ಜನಕ್ಕೆ ಹಂಚುತ್ತದೆ. ರೂಲೆಟ್ ಚಕ್ರದ ಮುಂದೆ ಇಪ್ಪತ್ತು ವರ್ಷದ ಅನುಭವಸ್ಥನೂ ಇಂದು ಬಂದವನೂ ಒಂದೇ. ಮತ್ತೊಂದು ಮಾತು. ಪಡದಿಂದ ಕೊನೆಗೆ ಹಣ್ಣು ಬರುತ್ತದೆ, ಯಾರೋ ತಿನ್ನುತ್ತಾರೆ. ಚಕ್ರದಿಂದ ಏನೂ ಬೆಳೆಯುವುದಿಲ್ಲ, ಇದ್ದ ಹಣ ಕೈ ಬದಲಿಸುತ್ತದೆ. ಜಮಾ ಕಡೆಯ ಆ ಸಾಲನ್ನು ಅವನು ತಾನೇ ಹೊಡೆದುಹಾಕಿದ.

ಹಾಗಾದರೆ ಪ್ರವಾಸ ಹೇಗೆ?

ಕ್ಯಾಸಿನೊ ನೋಡಲೇಬೇಕೆಂಬ ಕುತೂಹಲವಿದ್ದರೆ ನೋಡಿ. ಸರ್ಕಸ್ಸಿಗೆ ಟಿಕೇಟು ಕೊಂಡಂತೆ ಅದೂ ಒಂದು ಖರ್ಚು. ಈ ಕೆಲವು ಮಾತು ನೆನಪಿರಲಿ. ಅದಕ್ಕೆ ಎಷ್ಟು ಎಂಬುದನ್ನು ಗಂಡ ಹೆಂಡತಿ ಇಬ್ಬರೂ ಕುಳಿತು, ಊರು ಬಿಡುವ ಮುಂಚೆಯೇ ತೀರ್ಮಾನಿಸಿ. ಧರ್ಮರಾಯ ಹೆಡ್ಡನಾಗಿರಲಿಲ್ಲ. ಹೋದದ್ದನ್ನು ಮರಳಿ ಪಡೆಯುವ ಹಟದಲ್ಲಿ ಪಣ ಏರಿಸುತ್ತ ಹೋದ, ಕೊನೆಗೆ ದ್ರೌಪದಿಯನ್ನು ಕೇಳದೆಯೇ ಅವಳನ್ನು ಪಣಕ್ಕಿಟ್ಟ. ತುಂಬಿದ ಸಭೆಯಲ್ಲಿ ಅವಳು ಕೇಳಿದ ಹಕ್ಕಿನ ಪ್ರಶ್ನೆಗೆ ಭೀಷ್ಮನಿಂದಲೂ ನೇರ ಉತ್ತರ ಬರಲಿಲ್ಲ. ಒಣದ್ರಾಕ್ಷಿಯ ಹಣದಲ್ಲಿ ಹೆಂಡತಿಯ ಬೆವರೂ ಇದೆ.

ನಿಗದಿಯಾದ ಹಣವನ್ನು ನಗದಾಗಿ ಒಂದು ಲಕೋಟೆಯಲ್ಲಿಡಿ. ಬ್ಯಾಂಕಿನ ಕಾರ್ಡನ್ನು ಹೋಟೆಲಿನ ಕೋಣೆಯಲ್ಲೇ ಬಿಡಿ, ಫೋನು ಹೆಂಡತಿಯ ಕೈಯಲ್ಲಿರಲಿ. ಏಳುವ ಹೊತ್ತನ್ನು ಮೊದಲೇ ಗೊತ್ತುಮಾಡಿ, ಗೆಲ್ಲುತ್ತಿರಲಿ ಸೋಲುತ್ತಿರಲಿ ಏಳಿ. ಸಾಲ ತಂದು ಆಡಬೇಡಿ. ಖರೀದಿಯನ್ನು ಕ್ಯಾಸಿನೊಕ್ಕಿಂತ ಮುಂಚೆ ಮುಗಿಸಿ. ಬಳೆ, ಬಟ್ಟೆಗಳ ಹಣ ಸೊನ್ನೆಯ ಮುಂದೆ ನಿಲ್ಲಬಾರದು. ಮಾಪುಸಾದ ಶುಕ್ರವಾರದ ಸಂತೆ ನಮ್ಮ ಸಂತೆಯಂತೆಯೇ ಗಲಗಲ ಎನ್ನುತ್ತದೆ. ಗೋಡಂಬಿ, ಕೋಕಂ, ಪದರು ಪದರಾದ ಬೆಬಿಂಕಾ ಎಂಬ ಸಿಹಿ ಅಲ್ಲಿಯ ವಿಶೇಷ. ಮೀನು ತಿನ್ನದವರು ತರಕಾರಿಗಳ ಖತಖತೆ ಕೇಳಿ ಪಡೆಯಬಹುದು.

ಹಡಗು ಹತ್ತದವರಿಗೂ ಆ ನದಿಯ ದಂಡೆಯಲ್ಲೇ ನೋಡಲು ಬೇಕಾದಷ್ಟಿದೆ. 1510ರಲ್ಲಿ ಪೋರ್ಚುಗೀಸರು ಗೆಲ್ಲುವವರೆಗೆ ಗೋವಾ ನಮ್ಮ ವಿಜಾಪುರದ ಆದಿಲ್‌ಶಾಹಿಗೆ ಸೇರಿತ್ತು. ಆದಿಲ್‌ಶಾಹಿ ಅರಮನೆ ಪಣಜಿಯಲ್ಲಿ ಮಾಂಡೋವಿಯ ದಂಡೆಯ ರಸ್ತೆಯಲ್ಲಿ ಇಂದಿಗೂ ನಿಂತಿದೆ. ಅದರ ಪಕ್ಕದಲ್ಲೇ ಅಬೆ ಫಾರಿಯಾನ ಪ್ರತಿಮೆ. 1756ರಲ್ಲಿ ಗೋವಾದ ಕಾಂದೋಳಿಯಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ಹೆಸರು ಮಾಡಿದ ಈ ಪಾದ್ರಿ ಸಮ್ಮೋಹನ ವಿದ್ಯೆಯ ವೈಜ್ಞಾನಿಕ ವಿವೇಚನೆಗೆ ಮೊದಲಿಟ್ಟವರಲ್ಲಿ ಒಬ್ಬ. ಸಮ್ಮೋಹನಕಾರನ ಮೈಯಿಂದ ಯಾವ ಅಯಸ್ಕಾಂತ ಶಕ್ತಿಯೂ ಹರಿಯುವುದಿಲ್ಲ, ಸಮ್ಮೋಹನಗೊಳ್ಳುವವನ ಮನಸ್ಸೇ ಅದಕ್ಕೆ ಕಾರಣ ಎಂದು ಅವನು ವಾದಿಸಿದ. ಆ ಪ್ರತಿಮೆ ನೋಡಿಕೊಂಡು ಹಡಗುಗಳತ್ತ ತಿರುಗಿದರೆ ಮಕ್ಕಳಿಗೆ ಹೇಳಲು ಒಂದು ಪಾಠ ಸಿಗುತ್ತದೆ.

ಮಕ್ಕಳಿಗೊಂದು ಪ್ರಯೋಗ

ಕ್ಯಾಸಿನೊ ನೋಡಲು ಈಗ ಗೋವಾಕ್ಕೇ ಹೋಗಬೇಕೆಂದಿಲ್ಲ, ಮೊಬೈಲಿನಲ್ಲೇ ಅದು ಮನೆಗೆ ನುಗ್ಗಿತ್ತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಕಾಯ್ದೆ ಬಾಗಿಲು ಮುಚ್ಚಬಹುದು. ಮಕ್ಕಳ ತಲೆಯೊಳಗೆ ಲೆಕ್ಕ ಕೂರಿಸುವುದು ಮನೆಯ ಕೆಲಸ, ಶಾಲೆಯ ಕೆಲಸ. ಅದಕ್ಕೆ ಪೈಸೆ ಖರ್ಚಿಲ್ಲದ ಒಂದು ಪ್ರಯೋಗ.

0ಯಿಂದ 10ರವರೆಗೆ ಬರೆದ ಹನ್ನೊಂದು ಚೀಟಿಗಳನ್ನು ಒಂದು ಡಬ್ಬಿಯಲ್ಲಿ ಹಾಕಿ. ಅಣ್ಣನಿಗೆ 20 ಹುಣಸೆ ಬೀಜ, ತಂಗಿಗೆ 20. ಅಣ್ಣ ಪ್ರತಿ ಸಲ ಬೆಸ ಸಂಖ್ಯೆಗೆ, ತಂಗಿ ಸಮ ಸಂಖ್ಯೆಗೆ ಒಂದೊಂದು ಬೀಜ ಇಡಲಿ. ಚೀಟಿ ಎತ್ತಿ ನೋಡಿ, ಗೆದ್ದವರು ಸೋತವರ ಬೀಜ ತೆಗೆದುಕೊಳ್ಳಲಿ. ಚೀಟಿಯನ್ನು ಮರಳಿ ಡಬ್ಬಿಗೆ ಹಾಕಿ ಕಲಕಿ. ಸೊನ್ನೆ ಬಂದರೆ ಮಾತ್ರ ಇಬ್ಬರ ಬೀಜವೂ ಮೂರನೆಯವನಿಗೆ. ಅವನೇ 'ಮನೆ'. ಅವನು ಏನನ್ನೂ ಪಣಕ್ಕಿಡುವುದಿಲ್ಲ, ಸುಮ್ಮನೆ ಕೂರುತ್ತಾನೆ. 110 ಸಲ ಎತ್ತಿದರೆ ಸೊನ್ನೆ ಸರಾಸರಿ ಹತ್ತು ಸಲ ಬರುತ್ತದೆ. ನಡುವೆ ಯಾರದಾದರೂ ಬೀಜ ಮುಗಿದರೆ ಅಲ್ಲಿಗೇ ನಿಲ್ಲಿಸಿ.

ಆಮೇಲೆ ಮೂವರ ಮುಂದಿರುವ ಬೀಜಗಳನ್ನು ಎಣಿಸಿ ಪಾಟಿಯ ಮೇಲೆ ಬರೆಯಿರಿ. ಅಣ್ಣ ಗೆದ್ದಿರಬಹುದು, ತಂಗಿ ಗೆದ್ದಿರಬಹುದು. ಇಬ್ಬರದನ್ನೂ ಕೂಡಿಸಿದಾಗ 40 ಏಕೆ ಆಗುವುದಿಲ್ಲ ಎಂದು ಮಕ್ಕಳನ್ನೇ ಕೇಳಿ. ಉತ್ತರವನ್ನು ನೀವು ಹೇಳಿಕೊಡಬೇಡಿ.